ಅಮ್ಮನ ಕನ್ನಡಕ ಮತ್ತು ಒಂದು ಚೀಟಿಯ ಚರಿತ್ರೆ

ನಮ್ಮೂರು ಕಳವಾರ, ಚಿಕ್ಕಬಳ್ಳಾಪುರದ ಪಕ್ಕ. ಬೆಂಗಳೂರಿನ ಟ್ರೆಕ್ಕಿಂಗ್ ಹುಡುಗರು ಸ್ಕಂದಗಿರಿ ಅನ್ನುತ್ತಾರಲ್ಲ, ಆ ಬೆಟ್ಟ ನಮಗೆ ಕಳವಾರದ ಬೆಟ್ಟ, ಅಷ್ಟೇ. ಅಮ್ಮ ಅಲ್ಲಿಂದ ಅಮೆರಿಕದ ನಮ್ಮ ಮನೆಗೆ ಮೊದಲ ಸಲ ಬಂದದ್ದು 2009ರಲ್ಲಿ. ಬಂದ ಮೂರನೇ ವಾರ ಸೋಫಾ ಮೇಲಿಟ್ಟಿದ್ದ ಅವಳ ಕನ್ನಡಕದ ಮೇಲೆ ನನ್ನ ಮಗ ಕೂತ. ಫ್ರೇಮು ಎರಡು ತುಂಡು, ಒಂದು ಗಾಜು ಬಿರುಕು.

"ಅದ್ಕೇನಪ್ಪ, ಅಂಗಡೀಗೆ ಕೊಟ್ರೆ ಸಂಜೆಗೆ ಮಾಡ್ಕೊಡ್ತಾರೆ" ಅಂದಳು ಅಮ್ಮ.

ನಮ್ಮ ಕಡೆ ಹಾಗೇ ತಾನೆ. ಹಳೇ ಗಾಜನ್ನು ಮೆಷಿನ್ನಿನಡಿ ಇಟ್ಟು ನಂಬರು ನೋಡಿ ಹೊಸದು ಕೂರಿಸಿ ಕೊಡುತ್ತಾರೆ. ನಾನೂ ಅದೇ ಧೈರ್ಯದಲ್ಲಿ ಹೋದೆ. ಅಂಗಡಿಯಾಕೆ ಗಾಜು ಮುಟ್ಟಲೂ ಇಲ್ಲ. "ಡಾಕ್ಟರ ಚೀಟಿ ಎಲ್ಲಿ?" ಅಂದಳು. ಅಮ್ಮನ ಹಳೇ ಚೀಟಿ ಊರಲ್ಲಿ, ಅದೂ ಆರು ವರ್ಷದ್ದು. ನಡೆಯಲ್ಲವಂತೆ. ಹಾಲಿನ ಪ್ಯಾಕೆಟ್ಟಿನ ಹಾಗೆ ಚೀಟಿಗೂ ಅವಧಿ ಮುಗಿಯುತ್ತದೆ ಅಂತ ನನಗೆ ಗೊತ್ತಾದದ್ದು ಆವತ್ತೇ! ಒಂದೊಂದು ರಾಜ್ಯದಲ್ಲಿ ಒಂದೊಂದು ಲೆಕ್ಕ, ಸಾಮಾನ್ಯವಾಗಿ ಒಂದೆರಡು ವರ್ಷ.

ಸಿಟ್ಟಿನಲ್ಲಿ ಮನೆಗೆ ಬಂದವನು ಈ ಚೀಟಿಯ ಮೂಲ ಹುಡುಕುತ್ತ ಕೂತೆ.

ಕನ್ನಡಕ ಹುಟ್ಟಿದ್ದು 13ನೇ ಶತಮಾನದ ಕೊನೆಗೆ, ಇಟಲಿಯಲ್ಲಿ. ನಮ್ಮ ಕಡೆ ಅದರ ಸುದ್ದಿ ಮೊದಲು ಕಾಣುವುದು ವ್ಯಾಸರಾಯರ ಮೂಗಿನ ಮೇಲೆ. ಸೋಮನಾಥ ಕವಿಯ 'ವ್ಯಾಸಯೋಗಿಚರಿತ'ದಲ್ಲಿ ಅವರು ಕನ್ನಡಕ ಹಾಕಿಕೊಂಡು ಪುಸ್ತಕ ಓದುವ ಪ್ರಸಂಗವಿದೆ. ಪುಣೆಯ ಪಿ.ಕೆ. ಗೋಡೆಯವರು ಇದನ್ನು ಎತ್ತಿ ತೋರಿಸಿದರು. ಕಾಲ ಸುಮಾರು 1520, ಕೃಷ್ಣದೇವರಾಯನ ವಿಜಯನಗರ. ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ, ಹಾಗಾಗಿ ಅವರ ಮೂಲಕ ಬಂದಿರಬೇಕೆಂಬ ಊಹೆ. ವ್ಯಾಸರಾಯರು ಶ್ರೀಪಾದರಾಯರ ಬಳಿ ಓದಿದ್ದು ಮುಳಬಾಗಿಲಲ್ಲಿ. 2007ರಲ್ಲಿ ಜಿಲ್ಲೆ ಒಡೆಯುವವರೆಗೆ ಅದೂ ನಮ್ಮ ಕೋಲಾರ ಜಿಲ್ಲೆಯೇ! (ಊರಿನ ಅಭಿಮಾನ, ಸಹಿಸಿಕೊಳ್ಳಿ.) ಅವರಿಗೆ ಯಾರೂ ಚೀಟಿ ಕೇಳಿರಲಾರರು. ಕೇಳಿದ್ದರೂ ಬರೆಯುವುದು ಏನನ್ನು? ಆಗ ನಂಬರು ಅನ್ನುವುದೇ ಇರಲಿಲ್ಲ. ಯುರೋಪಿನಲ್ಲೂ ನೂರಾರು ವರ್ಷ ಜನ ಮಾರುವವನ ಪೆಟ್ಟಿಗೆಯಿಂದ ಒಂದೊಂದೇ ಹಾಕಿ ನೋಡಿ, ಕಂಡದ್ದನ್ನು ಕೊಂಡವರೇ.

ಗೋಡೆಗೆ ನೇತುಹಾಕುವ ಅಕ್ಷರದ ಪಟ್ಟಿಯನ್ನು ಹಾಲೆಂಡಿನ ಸ್ನೆಲೆನ್ ಮಾಡಿದ್ದು 1862ರಲ್ಲಿ. ಗಾಜಿನ ಶಕ್ತಿಗೆ ಡಯಾಪ್ಟರ್ ಎಂಬ ಅಳತೆಯನ್ನು ಫ್ರಾನ್ಸಿನ ಮೊನೊಯೆ ಸೂಚಿಸಿದ್ದು 1872ರಲ್ಲಿ. ಅಂದರೆ ನಮ್ಮ ಪ್ಲಸ್ಸು ಮೈನಸ್ಸಿನ ಚೀಟಿಗೆ ಬರೀ ನೂರೈವತ್ತು ವರ್ಷ.

ನಂಬರು ಬಂದದ್ದೇ ಜಗಳವೂ ಬಂತು. ಕಣ್ಣು ಪರೀಕ್ಷಿಸುವ ಹಕ್ಕು ಯಾರದು? ಅಮೆರಿಕದಲ್ಲಿ ಮಿನೆಸೋಟ ರಾಜ್ಯ 1901ರಲ್ಲಿ ಆಪ್ಟೊಮೆಟ್ರಿಗೆ ಲೈಸೆನ್ಸು ತಂದಿತು. ಬೇರೆ ರಾಜ್ಯಗಳು ಹಿಂಬಾಲಿಸಿದವು. ಆಮೇಲಿನದು ತಮಾಷೆ. ಪರೀಕ್ಷೆ ಮಾಡುವವರಲ್ಲಿ ಬಹಳ ಜನ ತಾವೇ ಕನ್ನಡಕವನ್ನೂ ಮಾರುತ್ತಿದ್ದರು. ಚೀಟಿ ಕೈಗೆ ಕೊಟ್ಟರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಅದಕ್ಕೇ ಕೊಡದೆ ಸತಾಯಿಸುವವರಿದ್ದರು. ಕೊನೆಗೆ 1978ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನಿಯಮ ಮಾಡಿತು: ಪರೀಕ್ಷೆ ಮುಗಿದ ಕೂಡಲೇ, ಕೇಳದಿದ್ದರೂ, ಬೇರೆ ದುಡ್ಡು ಕೀಳದೆ ಚೀಟಿ ಕೊಡಬೇಕು. ಅಷ್ಟಾದರೂ ಕೊಡದವರು ಉಳಿದಿದ್ದರು ಅನ್ನಿ. ಚೀಟಿ ಸಿಕ್ಕಿತೆಂದು ರೋಗಿಯ ಸಹಿ ಪಡೆಯಬೇಕೆಂಬ ತಿದ್ದುಪಡಿ ಬಂದದ್ದು 2024ರಲ್ಲಿ.

ಬ್ರಿಟನ್ನಿನದು ಬೇರೆ ಕತೆ. ಅಲ್ಲಿ 1948ರಲ್ಲಿ ಸರ್ಕಾರಿ ಆರೋಗ್ಯ ಸೇವೆ ಶುರುವಾದಾಗ ಕನ್ನಡಕವೂ ಪುಕ್ಕಟೆ. 1951ರಲ್ಲಿ ಅದಕ್ಕೂ ಕಟ್ಟಿಸಿದ ಹಲ್ಲಿಗೂ ದುಡ್ಡು ಇಸಿದುಕೊಳ್ಳಲು ಹೊರಟಾಗ, ಆ ಸೇವೆ ಕಟ್ಟಿದ ಮಂತ್ರಿ ಅನ್ಯೂರಿನ್ ಬೆವನ್ ರಾಜೀನಾಮೆಯನ್ನೇ ಕೊಟ್ಟರು. ಕನ್ನಡಕಕ್ಕಾಗಿ ಮಂತ್ರಿಗಿರಿ ಬಿಡುವವರೂ ಇದ್ದರು!

ಇಷ್ಟೆಲ್ಲ ಓದಿ ಸಿಟ್ಟೇನೂ ಇಳಿಯಲಿಲ್ಲ. ಅಮ್ಮನ ಪ್ರವಾಸದ ವಿಮೆ ಕಣ್ಣಿಗೆ ನಡೆಯಲ್ಲ ಅಂದರು. ಬೇರೆ ದಾರಿಯಿಲ್ಲದೆ ಕೈಯಿಂದ ಕಟ್ಟಿ ಪರೀಕ್ಷೆಗೆ ಕರಕೊಂಡು ಹೋದೆ. ಅಮ್ಮನಿಗೆ ಇಂಗ್ಲಿಷ್ ಅಕ್ಷರ ಬಾರದು. ಡಾಕ್ಟರು ಬೇಜಾರಿಲ್ಲದೆ ಮೂರು ಕಾಲಿನ E ಪಟ್ಟಿ ಹಾಕಿದರು. ಕಾಲು ಯಾವ ಕಡೆಗಿದೆ ಅಂತ ಅಮ್ಮ ಕೈ ತಿರುಗಿಸಿ ತೋರಿಸಿದಳು. ಆಮೇಲೆ ಕಣ್ಣಿನ ಒತ್ತಡ ಅಳೆದರು. ಇನ್ನೊಮ್ಮೆ ಅಳೆದರು. 21ರೊಳಗೆ ಇರಬೇಕಾದದ್ದು ಎಡಗಣ್ಣಿನಲ್ಲಿ 31.

ಗ್ಲಾಕೋಮಾ. ನೋವಿಲ್ಲದೆ ಅಂಚಿನಿಂದ ನೋಟ ತಿನ್ನುತ್ತ ಬರುವ ಕಾಯಿಲೆ. ಹೋದ ನೋಟ ಮತ್ತೆ ಬಾರದು, ಉಳಿದದ್ದನ್ನು ಔಷಧಿ ಹಾಕಿ ಕಾಯಬೇಕು. ನಂಬರು ಸರಿಯಿದ್ದರೆ ನೇರಕ್ಕಿರುವುದು ಚೆನ್ನಾಗಿಯೇ ಕಾಣುತ್ತದೆ. ಹಳೇ ಗಾಜಿನ ನಂಬರನ್ನೇ ಮತ್ತೆ ಮತ್ತೆ ಕೂರಿಸಿಕೊಂಡು ಆರು ವರ್ಷ ಕಳೆದಿದ್ದಳು ಅಮ್ಮ. ಊರಲ್ಲಿ ಎಡಗಡೆಯ ಬಾಗಿಲ ಚೌಕಟ್ಟಿಗೆ ಭುಜ ತಾಕಿಸಿಕೊಳ್ಳುತ್ತಿದ್ದಾಗ "ನೋಡ್ಕೊಂಡು ನಡಿಯಮ್ಮ" ಅಂತ ರೇಗಿದವನು ನಾನೇ.

ಆವತ್ತು ರಾತ್ರಿಯೇ ಹನಿ ಔಷಧಿ ಶುರು. ಊರಿಗೆ ಮರಳಿದ ಮೇಲೆ ಬೆಂಗಳೂರಿನಲ್ಲಿ ತೋರಿಸುವುದು ರೂಢಿಯಾಯಿತು.

ಎರಡನೇ ಕನ್ನಡಕವನ್ನು ಚಿಕ್ಕಬಳ್ಳಾಪುರದಲ್ಲೇ ಮಾಡಿಸಿದೆವು. ಅಮ್ಮ ಅಮೆರಿಕದ ಚೀಟಿಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಗತ್ತಿನಲ್ಲಿ ಮುಂದಿಟ್ಟಳು. ಅಂಗಡಿಯ ಹುಡುಗ ತಿರುಗಿಸಿ ನೋಡಿ, "ಕಣ್ಣಿಂದ ಕಣ್ಣಿಗೆ ಎಷ್ಟು ಅಂತ ಬರ್ದೇ ಇಲ್ವಲ್ಲಮ್ಮ" ಅಂದ. ಅಮೆರಿಕದ ನಿಯಮದಲ್ಲಿ ಅದನ್ನು ಬರೆಯಲೇಬೇಕೆಂದಿಲ್ಲ. ಅವನು ಡ್ರಾಯರಿನಿಂದ ಸ್ಕೇಲು ತೆಗೆದು ಅಮ್ಮನ ಮೂಗಿನ ಮೇಲಿಟ್ಟ.