ಕಾಲು ನೋಯ್ತಿದೆಯಾ? ಹಾಗಾದರೆ ನಡೆಯಿರಿ

ಬಸ್ ಸ್ಟಾಪಿನಿಂದ ಮನೆ ಕಡೆ ಇನ್ನೂರು ಮೀಟರ್ ನಡೆಯುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ. ಯಾವುದಾದರೂ ಅಂಗಡಿ ಮುಂದೆ ಸುಮ್ಮನೆ ನಿಂತರೆ ಕೆಲವೇ ನಿಮಿಷದಲ್ಲಿ ನೋವು ಮಾಯ. ಮತ್ತೆ ಹೊರಟರೆ ಹೆಚ್ಚುಕಮ್ಮಿ ಅಷ್ಟೇ ದೂರಕ್ಕೆ ಮತ್ತೆ ಹಾಜರ್. 'ವಯಸ್ಸಾಯ್ತು', 'ವಾಯು' ಅಂತ ಮನೆಯಲ್ಲಿ ಹೇಳಿ ಮುಗಿಸಿಬಿಡುವ ಈ ನೋವನ್ನು ವೈದ್ಯರು ಕ್ಲಾಡಿಕೇಶನ್ ಅನ್ನುತ್ತಾರೆ. ಕಾಲಿಗೆ ರಕ್ತ ಒಯ್ಯುವ ಅಪಧಮನಿಯ ಒಳಗೆ ಕೊಬ್ಬು ಕಟ್ಟಿ ದಾರಿ ಕಿರಿದಾಗಿರುತ್ತದೆ. ನಡೆಯುವಾಗ ಸ್ನಾಯುವಿಗೆ ಬೇಕಾದಷ್ಟು ಆಮ್ಲಜನಕ ಸಿಗುವುದಿಲ್ಲ. ಬೀಡಿ-ಸಿಗರೇಟು ಮತ್ತು ಸಕ್ಕರೆ ಕಾಯಿಲೆ ಇದಕ್ಕೆ ದೊಡ್ಡ ಕಾರಣಗಳು. (ಬೆನ್ನುಮೂಳೆಯಲ್ಲಿ ನರ ಒತ್ತಿಕೊಂಡಾಗಲೂ ನಡೆದರೆ ಕಾಲು ನೋಯುತ್ತದೆ. ಆದರೆ ಅದು ಬರೀ ನಿಂತರೆ ಹೋಗಲ್ಲ, ಕೂರಬೇಕು ಇಲ್ಲವೇ ಮುಂದಕ್ಕೆ ಬಾಗಬೇಕು.)

ಪತ್ತೆ ಮಾಡುವುದು ಸುಲಭ. ಪಾದದ ಗಂಟಿನ ಹತ್ತಿರದ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸುತ್ತಾರೆ. 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಟ್ಟಿದೆ ಎಂದರ್ಥ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ನಾಳ ಗಡುಸಾಗಿ ಈ ಅಂಕಿ ಸುಳ್ಳೇ ಚೆನ್ನಾಗಿ ಕಾಣಬಹುದು. ಅಂಥವರಿಗೆ ಬೇರೆ ಪರೀಕ್ಷೆ ಬೇಕು.

ಇನ್ನು ಚಿಕಿತ್ಸೆ. ನೋವು ಬಂತು ಅಂತ ಜನ ನಡೆಯುವುದನ್ನೇ ಬಿಡುತ್ತಾರೆ, ಕಾಲು ಇನ್ನಷ್ಟು ಸೋಲುತ್ತದೆ. ಮಾಡಬೇಕಾದ್ದು ಅದರ ಉಲ್ಟಾ. ಮೂರರಿಂದ ಐದು ನಿಮಿಷದಲ್ಲಿ ನೋವು ಶುರುವಾಗುವ ವೇಗದಲ್ಲಿ ನಡೆಯಬೇಕು. ಮಧ್ಯಮ ಮಟ್ಟದ ನೋವು ಬರುವ ತನಕ ಮುಂದುವರಿದು, ನಿಂತು, ನೋವು ಪೂರ್ತಿ ಹೋದ ಮೇಲೆ ಮತ್ತೆ ಹೊರಡಬೇಕು. ಹೀಗೆ ವಿಶ್ರಾಂತಿಯೂ ಸೇರಿ 30ರಿಂದ 60 ನಿಮಿಷ, ವಾರಕ್ಕೆ ಮೂರು ಸಲ, ಕನಿಷ್ಠ 12 ವಾರ. ಕಟ್ಟಿದ ನಾಳವೇನೂ ಇದರಿಂದ ತೆರೆಯುವುದಿಲ್ಲ. ಸಿಕ್ಕಷ್ಟೇ ಆಮ್ಲಜನಕದಲ್ಲಿ ಕೆಲಸ ಮಾಡುವುದನ್ನು ಸ್ನಾಯು ಕಲಿಯುತ್ತದೆ, ಸಣ್ಣ ನಾಳಗಳು ಚುರುಕಾಗುತ್ತವೆ.

ಇದೇನು ಹೊಸ ಸಂಗತಿಯಲ್ಲ. ಡೆನ್ಮಾರ್ಕಿನ ಲಾರ್ಸನ್ ಮತ್ತು ಲಾಸೆನ್ 1966ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು. 2012ರಲ್ಲಿ ಪ್ರಕಟವಾದ ಅಮೆರಿಕದ ಕ್ಲೆವರ್ ಅಧ್ಯಯನದಲ್ಲಿ, ಆರು ತಿಂಗಳ ನಂತರ ಸ್ಟೆಂಟ್ ಹಾಕಿಸಿಕೊಂಡವರಿಗಿಂತ ವ್ಯಾಯಾಮ ಮಾಡಿದವರು ಟ್ರೆಡ್‌ಮಿಲ್ ಮೇಲೆ ಹೆಚ್ಚು ಹೊತ್ತು ನಡೆದರು. (ನಿಜ, 'ಹೇಗಿದ್ದೀರಿ' ಎಂದು ಕೇಳಿದಾಗ ಹೆಚ್ಚು ಸಮಾಧಾನ ಹೇಳಿಕೊಂಡವರು ಸ್ಟೆಂಟ್‌ನವರು.) 2017ರಿಂದ ಅಮೆರಿಕದ ಮೆಡಿಕೇರ್ ವಿಮೆ 12 ವಾರದಲ್ಲಿ 36 ಸೆಷನ್‌ಗೆ ಹಣ ಕೊಡುತ್ತಿದೆ.

ನಮ್ಮ ಸಮಸ್ಯೆ ಇರುವುದು ಇಲ್ಲೇ. ಸ್ಟೆಂಟಿಗೆ ಬಿಲ್ ಇದೆ, ನಡಿಗೆಗೆ ಬಿಲ್ ಇಲ್ಲ. ಚೀಟಿಯ ಕೊನೆಗೆ 'ವಾಕ್ ಮಾಡಿ' ಎಂದು ಬರೆದರೆ ಅದು ಚಿಕಿತ್ಸೆ ಆಗಲ್ಲ. ಎಷ್ಟು ಹೊತ್ತು, ಯಾವ ವೇಗ, ಎಷ್ಟು ನೋವಿನ ತನಕ ಅನ್ನುವುದೇ ಇದರ ಡೋಸ್. ಪಕ್ಕದಲ್ಲಿ ಒಬ್ಬರು ನಿಂತು ಮಾಡಿಸಿದರೆ ಬರೀ ಸಲಹೆಗಿಂತ ಹೆಚ್ಚು ಫಲ ಸಿಗುತ್ತದೆ. ಜಿಲ್ಲಾಸ್ಪತ್ರೆಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್, ಒಂದು ಟ್ರೆಡ್‌ಮಿಲ್, ಅದೂ ಇಲ್ಲದಿದ್ದರೆ ಒಂದು ಉದ್ದನೆಯ ವರಾಂಡ ಸಾಕು.

ಶುರು ಮಾಡುವ ಮುಂಚೆ ಹೃದಯ ತೋರಿಸಿಕೊಳ್ಳಿ, ಕಾಲಲ್ಲಿ ಕಟ್ಟಿದ ನಾಳ ಅಲ್ಲೂ ಕಟ್ಟಿರಬಹುದು. ಸಿಗರೇಟು, ಬೀಡಿ ಬಿಡಲೇಬೇಕು. ಸಕ್ಕರೆ ಕಾಯಿಲೆಯವರು ದಿನಾ ಪಾದ ನೋಡಿಕೊಳ್ಳಿ, ಬರಿಗಾಲಲ್ಲಿ ನಡೆಯಬೇಡಿ. ರಾತ್ರಿ ಮಲಗಿದಾಗಲೂ ಪಾದ ನೋವು, ಒಣಗದ ಗಾಯ, ಕಪ್ಪಾದ ಬೆರಳು ಇದ್ದರೆ ನಡಿಗೆಯನ್ನು ನಂಬಿ ಕೂರದೆ ರಕ್ತನಾಳದ ಸರ್ಜನ್ ಹತ್ತಿರ ಹೋಗಿ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಮರಗಟ್ಟಿದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ, ಆ ಗಂಟೆಯಲ್ಲೇ ಆಸ್ಪತ್ರೆ ಸೇರಬೇಕು.