ತಾಮ್ರಪಟದಿಂದ ನೋಟ್‌ಬುಕ್‌ವರೆಗೆ

ಇತಿಹಾಸದ ಪುಸ್ತಕಗಳಲ್ಲಿ ನಮ್ಮೂರಿನ ಹೆಸರು ಬರುವುದು ಒಂದು ತಾಮ್ರಪಟದಿಂದ. ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮ ಕ್ರಿ.ಶ. 757ರಲ್ಲಿ ಕೊಟ್ಟ ದಾನದ ಶಾಸನ ಅದು. ದಾನವಾದ ಹಳ್ಳಿ ದೂರದ ಹಾನಗಲ್ಲು ಸೀಮೆಯದು. ತಾಮ್ರಪಟ ಸಿಕ್ಕಿದ್ದು ಮಾತ್ರ ನಮ್ಮಲ್ಲಿ. ಹಾಗಾಗಿ ವಿದ್ವಾಂಸರು ಅದನ್ನು ವಕ್ಕಲೇರಿ ತಾಮ್ರಪಟ ಎಂದೇ ಕರೆದರು. ರಾಜನ ತಂದೆ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದರೂ ಹಾಳುಗೆಡವದೆ ಒಳಹೊಕ್ಕನೆಂದೂ, ಎಡೆಬಿಡದೆ ದಾನ ಮಾಡಿ ಬ್ರಾಹ್ಮಣರನ್ನು, ದೀನರನ್ನು, ಅನಾಥರನ್ನು ಸಂತೋಷಪಡಿಸಿದನೆಂದೂ ಅದರಲ್ಲಿದೆ. ಒಂಬತ್ತನೇ ತರಗತಿಯಲ್ಲಿ ಇದನ್ನು ಹೇಳಿದ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಒಂದು ಮಾತು ಸೇರಿಸಿದರು: "ಕೊಟ್ಟ ರಾಜನ ಹೆಸರಿದೆ, ತಗೊಂಡ ಪಂಡಿತರ ಹೆಸರಿದೆ. ದೀನರದ್ದು ಒಂದು ಹೆಸರೂ ಇಲ್ಲ ನೋಡ್ರೋ."

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಪ್ಪಾ ಎಂದು ಶಾಲೆಯಿಂದ ಫೋನು ಬಂದಾಗ ನನಗೆ ನೆನಪಾದದ್ದು ಆ ಮಾತು. ಕಟ್ಟಡದ ಕಥೆ, ಫಲಿತಾಂಶ, ಮುಖ್ಯೋಪಾಧ್ಯಾಯರ ಪಟ್ಟಿ ಇವನ್ನೆಲ್ಲ ಬೇರೆಯವರು ಬರೆಯುತ್ತಾರೆ. ನಮ್ಮ ಸೀಮೆಯಲ್ಲಿ ಕೈಯಲ್ಲಿ ಕಾಸಿಲ್ಲದ ಮಕ್ಕಳು ಯಾರ ನೆರವಿನಿಂದ ಓದಿದರು, ಆ ನೆರವು ಅವರಿಗೆ ಯಾವ ರೀತಿಯಲ್ಲಿ ಸಿಕ್ಕಿತು ಎಂಬುದನ್ನಷ್ಟೇ ನಾನು ಬರೆಯುತ್ತೇನೆ. ನಾನು ಇತಿಹಾಸಕಾರನಲ್ಲ, ಬಿ.ಇ. ಓದಿ ಕಂಪ್ಯೂಟರ್ ಮುಂದೆ ಕೂರುವವನು. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಅಜ್ಜಂದಿರ ಕಾಲದಲ್ಲಿ ಓದಬೇಕೆಂದರೆ ಪಟ್ಟಣಕ್ಕೆ ಹೋಗಬೇಕಿತ್ತು. ಅಲ್ಲಿ ಬಡ ಹುಡುಗರಿಗೆ ಇದ್ದ ಆಸರೆ ವಾರಾನ್ನ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಒಂದು ವಾರದ ಮನೆ ತಪ್ಪಿದರೆ ಅವತ್ತು ಉಪವಾಸ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ತಂದೆಯನ್ನು ಕಳೆದುಕೊಂಡ ಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮನೆಪಾಠ ಹೇಳಿಕೊಂಡು ಓದಿ, 1881ರಲ್ಲಿ ಬಿ.ಎ. ಮುಗಿಸಿದರು. ಅನಂತರ ಪುಣೆಯಲ್ಲಿ ಎಂಜಿನಿಯರಿಂಗ್ ಓದಲು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ನೆರವಾಯಿತು. ಮುದ್ದೇನಹಳ್ಳಿ 2007ರವರೆಗೆ ನಮ್ಮ ಜಿಲ್ಲೆಯಲ್ಲೇ ಇತ್ತು ಎನ್ನುವುದನ್ನು ಇಂದಿನ ಮಕ್ಕಳಿಗೆ ಹೇಳಬೇಕಾಗುತ್ತದೆ.

ಆದರೆ ವಾರಾನ್ನದ ಬಾಗಿಲು ಎಲ್ಲ ಮಕ್ಕಳಿಗೂ ತೆರೆದಿರಲಿಲ್ಲ. ಜಾತಿ ನೋಡಿಯೇ ಎಲೆ ಹಾಕುತ್ತಿದ್ದ ಕಾಲ. ಊರ ಹೊರಗಿನ ಕೇರಿಯ ಹುಡುಗನಿಗೆ ಪಡಸಾಲೆಯೇ ಸಿಗದಿದ್ದ ಮೇಲೆ ಊಟದ ಮಾತೆಲ್ಲಿ? ಆದ್ದರಿಂದ ಅವರಿಗೆ ಹಾಸ್ಟೆಲ್ಲೇ ಬೇಕಾಯಿತು. ಆ ಕೆಲಸಕ್ಕೆ ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅಂಥವರು ಜೀವ ತೇಯ್ದರು. ಕೋಲಾರದವರಿಗೆ ನಚಿಕೇತ ನಿಲಯವನ್ನು ಪರಿಚಯಿಸಬೇಕಾಗಿಲ್ಲ. ಆ ನಿಲಯದಲ್ಲಿ ಮಕ್ಕಳಿಗೆ ಬರೀ ಅನ್ನ ಸಿಗಲಿಲ್ಲ, ತಲೆ ಎತ್ತಿ ಮಾತಾಡುವ ಧೈರ್ಯವೂ ಸಿಕ್ಕಿತು.

ಈ ಸಾಲಿನಲ್ಲಿ ನನಗೆ ಬಹಳ ಹತ್ತಿರವಾದದ್ದು ಎಚ್. ನರಸಿಂಹಯ್ಯನವರ ಕಥೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು. ಊರಿನಲ್ಲಿ ಹೈಸ್ಕೂಲು ಇಲ್ಲದೆ ಓದು ನಿಂತುಹೋಗಿತ್ತು. ಅವರ ಹಳೆಯ ಮುಖ್ಯೋಪಾಧ್ಯಾಯರು ಎಂ.ಎಸ್. ನಾರಾಯಣರಾಯರು ಆಗ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿನಲ್ಲಿದ್ದರು. ಅವರ ಬಳಿ ಹೋಗಿ ಸೇರೋಣವೆಂದರೆ ಬಸ್ಸಿಗೆ ದುಡ್ಡಿಲ್ಲ. 1935ರಲ್ಲಿ ಆ ಹುಡುಗ ಸುಮಾರು 85 ಕಿ.ಮೀ. ದಾರಿಯನ್ನು ಎರಡು ದಿನ ನಡೆದು ಬಸವನಗುಡಿ ಸೇರಿದ. ಮೇಷ್ಟ್ರು ಶಾಲೆಗೆ ಸೇರಿಸಿಕೊಂಡರು. ಊಟ, ವಸತಿ ಬಡ ಹುಡುಗರ ನಿಲಯದಲ್ಲಿ. ಮುಂದೆ ಅವರು ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದ ಪಿಎಚ್.ಡಿ. ಪಡೆದರು, ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಆದರೂ ಹಾಸ್ಟೆಲಿನ ಕೋಣೆ ಬಿಡಲಿಲ್ಲ. 2005ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಮನೆ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ಬಂದ ಹಿಂದೆ ಇದ್ದವರೂ ಅವರೇ. ಅವರ ನಡಿಗೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ಹೆಚ್ಚಾಗಿ ಕಾಡುವುದು ಇನ್ನೊಂದು: ಅಷ್ಟು ದೂರ ನಡೆದು ಹೋದರೆ ನನ್ನನ್ನು ಗುರುತಿಸುವವರೊಬ್ಬರು ಅಲ್ಲಿದ್ದಾರೆ ಎಂಬ ನಂಬಿಕೆ ಹದಿನೈದು ವರ್ಷದ ಆ ಹುಡುಗನಿಗೆ ಇತ್ತಲ್ಲ!

ಇನ್ನು ನಮ್ಮ ಕಾಲ. 2001ರ ನವೆಂಬರಿನಲ್ಲಿ ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಮುಂದಿನ ವರ್ಷ ಉತ್ತರದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. ಹೈಸ್ಕೂಲಿಗೆ ಊಟ ಬಂದದ್ದು 2007ರಲ್ಲಿ. ಎಂಟನೇ ತರಗತಿಗೆ ಸೈಕಲ್ ಬಂದದ್ದು 2006-07ರಲ್ಲಿ. ನಾನು ಎಸ್.ಎಸ್.ಎಲ್.ಸಿ. ಮುಗಿಸಿದ್ದು 2005ರಲ್ಲಿ. ಹಾಗಾಗಿ ಎರಡೂ ನನಗೆ ಸಿಗಲಿಲ್ಲ. ಹಳ್ಳಿಯಿಂದ ನಡೆದು ಬರುವುದು, ಮಧ್ಯಾಹ್ನಕ್ಕೆ ಡಬ್ಬಿಯಲ್ಲಿ ರಾತ್ರಿಯ ಮುದ್ದೆ. ತಂಗಿಯ ಕಾಲಕ್ಕೆ ಎರಡೂ ಬಂದಿದ್ದವು. ನನಗೆ ಹೊಟ್ಟೆಕಿಚ್ಚಾಗಿದ್ದು ನಿಜ.

ನಾನು ಒಂಬತ್ತರಲ್ಲಿದ್ದಾಗ ಬೆಂಗಳೂರಿನಿಂದ ಒಂದು ಸಂಘದವರು ವ್ಯಾನಿನಲ್ಲಿ ಬಂದರು. ತಂದಿದ್ದು ಒಳ್ಳೆಯ ನೋಟ್‌ಬುಕ್ಕುಗಳು, ಪೆನ್ನು, ಕಂಪಾಸ್ ಬಾಕ್ಸ್. ಬಯಲಿನಲ್ಲಿ ಬ್ಯಾನರ್ ಕಟ್ಟಿದರು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ 'ಕಡು ಬಡ ಮಕ್ಕಳಿಗೆ' ಎಂದಿತ್ತು. ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಕೂಗಿ ಫೋಟೋ ತೆಗೆದರು. ನನ್ನ ಹೆಸರೂ ಬಂತು, ಹೋಗಿ ತೆಗೆದುಕೊಂಡೆ. ನಮ್ಮ ತರಗತಿಯ ಒಬ್ಬ ಹುಡುಗಿ ಹೆಸರು ಕೂಗಿದರೂ ಏಳಲಿಲ್ಲ. ಎರಡನೇ ಸಲ ಕೂಗಿದಾಗ ತಲೆ ಬಗ್ಗಿಸಿ ಕೂತಳು. ಅವಳ ಮನೆಯ ಕಷ್ಟ ನಮ್ಮ ಮನೆಯದಕ್ಕಿಂತ ಹೆಚ್ಚು. ಆ ವರ್ಷವೆಲ್ಲ ಅವಳು ಹಳೆಯ ಪುಸ್ತಕಗಳ ಉಳಿದ ಹಾಳೆ ಹೊಲಿದುಕೊಂಡೇ ಬರೆದಳು. ದೀನರ ಹೆಸರು ಬರೆಯಲಿಲ್ಲ ಎಂದು ನಮ್ಮ ಮೇಷ್ಟ್ರು ತಾಮ್ರಪಟದ ಬಗ್ಗೆ ಹೇಳಿದ್ದರಲ್ಲ. ಮೈಕಿನಲ್ಲಿ ಹೀಗೆ ಕೂಗುವುದಕ್ಕಿಂತ ಬರೆಯದಿದ್ದುದೇ ವಾಸಿ ಎಂದು ಈಗ ಅನ್ನಿಸುತ್ತದೆ. ಬಂದವರು ಕೆಟ್ಟವರಲ್ಲ. ಆ ನೋಟ್‌ಬುಕ್ಕಿನಲ್ಲೇ ನಾನು ಬೀಜಗಣಿತ ಕಲಿತೆ.

ಅದೇ ವರ್ಷ ಇನ್ನಿಬ್ಬರು ಬರತೊಡಗಿದರು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಹುಡುಗರು, ನಮ್ಮ ಗಣಿತದ ಮೇಷ್ಟ್ರಿಗೆ ಪರಿಚಯದವರು. ತಿಂಗಳ ಎರಡನೇ ಶನಿವಾರ ರೈಲು, ಬಸ್ಸು ಹಿಡಿದು ಬಂದು ತರಗತಿ ಬಿಟ್ಟ ಮೇಲೆ ಲೆಕ್ಕ ಹೇಳಿಕೊಡುತ್ತಿದ್ದರು. ಅವರು ತಂದ ಹಾಳೆ, ಪೆನ್ನು ಮೇಜಿನ ಮೇಲಿರುತ್ತಿತ್ತು, ಬೇಕಾದವರು ತೆಗೆದುಕೊಳ್ಳುವುದು. ಆ ಹುಡುಗಿಯೂ ತೆಗೆದುಕೊಂಡಳು. ಒಂದು ಸಲ ನಾನು, "ಅಣ್ಣಾ, ಬಿ.ಇ. ಅಂದರೆ ಏನು?" ಎಂದು ಕೇಳಿದೆ. ನಮ್ಮ ಮನೆಯಲ್ಲಿ, ಬೀದಿಯಲ್ಲಿ ಅದನ್ನು ಓದಿದವರಿರಲಿಲ್ಲ. ಅವರು ನೆಲದ ಮೇಲೆ ಕೂತು ಪಿಯುಸಿ, ಸಿ.ಇ.ಟಿ., ರ್‍ಯಾಂಕು, ಸರ್ಕಾರಿ ಸೀಟು ಎಲ್ಲವನ್ನೂ ಬಿಡಿಸಿ ಹೇಳಿದರು. ಸಂಜೆಯ ಬಸ್ಸು ತಪ್ಪಿತು. ನಾನು ಇವತ್ತು ತಿನ್ನುತ್ತಿರುವ ಅನ್ನ ಆ ಸಂಜೆಯದು.

ಕೆಲಸ ಸಿಕ್ಕಿದ ಮೇಲೆ ನಮ್ಮ ತಂಡದವರು ಶಾಲೆಗೆ ಏನಾದರೂ ಮಾಡೋಣ ಎಂದು ಸೇರಿದೆವು. ಹೇಳಲು ನಾಚಿಕೆ: ಮೊದಲ ವರ್ಷ ನಾವೂ ಬಡ ಮಕ್ಕಳ ಪಟ್ಟಿ ಕೇಳಿದೆವು, ನಾವೂ ಬ್ಯಾನರ್ ಬರೆಸಿದೆವು. ಮುಖ್ಯೋಪಾಧ್ಯಾಯಿನಿಯವರು ಬ್ಯಾನರ್ ಮಡಚಿ ಪಕ್ಕಕ್ಕಿಟ್ಟು, "ನಿಮ್ಮ ಹೆಸರು ಕೂಗಿದ್ದು ಮರೆತುಹೋಯ್ತಾ?" ಎಂದರು. ನಾನು ಅದನ್ನು ಅವರಿಗೆ ಎಂದೋ ಹೇಳಿದ್ದೆ.

ಈಗ ಪಠ್ಯಪುಸ್ತಕ, ಸಮವಸ್ತ್ರ, ಶೂ, ಊಟ, 2013ರಿಂದ ಹಾಲು, ಇವೆಲ್ಲ ಸರ್ಕಾರದಿಂದ ಬರುತ್ತವೆ. ಅದು ಯಾರ ಕರುಣೆಯೂ ಅಲ್ಲ, ಮಕ್ಕಳ ಹಕ್ಕು. ಆದರೆ ಬರೆಯುವ ನೋಟ್‌ಬುಕ್ಕು ಮನೆಯವರೇ ಕೊಳ್ಳಬೇಕು. ಹತ್ತನೇ ತರಗತಿಗೆ ಹತ್ತು ಹನ್ನೆರಡಾದರೂ ಬೇಕು. ಶಾಲೆ ಶುರುವಾಗುವ ಹೊತ್ತಿಗೆ ಟೊಮೆಟೊ ರೇಟು ಹೇಗಿದೆಯೋ ಹಾಗೆ ಮನೆ ನಡೆಯುತ್ತದೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದು ಎಲ್ಲರಿಗೂ ಗೊತ್ತು. ಕೀಳುವ ಕೂಲಿಯೂ ಹುಟ್ಟದೆ ತೋಟದಲ್ಲೇ ಬಿಟ್ಟ ವರ್ಷಗಳು ಬೆಳೆದವರಿಗೆ ಮಾತ್ರ ಗೊತ್ತು. ಕೂಲಿಯವರ ಮಕ್ಕಳಿಗಂತೂ ಎರಡೂ ವರ್ಷ ಒಂದೇ.

ಈಗ ನೋಟ್‌ಬುಕ್ಕುಗಳು ಜೂನ್ ಮೊದಲ ವಾರ ತರಗತಿಯ ಬೀರುವಿಗೆ ಹೋಗುತ್ತವೆ. ಪುಸ್ತಕ ತುಂಬಿದ ಮಗು ತಾನೇ ಹೋಗಿ ಇನ್ನೊಂದು ತೆಗೆದುಕೊಳ್ಳುತ್ತದೆ, ಸಹಿ ಇಲ್ಲ, ಪಟ್ಟಿ ಇಲ್ಲ. ಇದ್ದವರ ಮಕ್ಕಳೂ ತಗೊಂಡುಬಿಡ್ತಾರೆ ಎಂದು ನಮ್ಮಲ್ಲೇ ಕೆಲವರು ಗೊಣಗಿದರು. ತೆಗೆದುಕೊಳ್ಳುತ್ತಾರೆ, ನಿಜ. ಒಂದೆರಡು ಬಂಡಲ್ ಹೆಚ್ಚು ತರುತ್ತೇವೆ, ಅಷ್ಟೆ.

ಕಷ್ಟವಾಗಿರುವುದು ಪುಸ್ತಕ ಕೊಡುವುದಲ್ಲ, ಎರಡನೇ ಶನಿವಾರ ಬರುವುದು. ದುಡ್ಡು ಕೇಳಿದ ಕೂಡಲೇ ಫೋನಿನಲ್ಲೇ ಕಳಿಸುವವರು ಬಹಳ ಮಂದಿ, ಊರಿಗೆ ಬನ್ನಿ ಎಂದರೆ ಕೆಲಸ ಇದೆ ಎನ್ನುತ್ತಾರೆ. ನಾನೂ ಕಳೆದ ವರ್ಷ ಮೂರು ಸಲ ತಪ್ಪಿಸಿದ್ದೇನೆ. ಸದ್ಯಕ್ಕೆ ನಾವು ನಾಲ್ಕು ಜನ ಇದ್ದೇವೆ: ಗಣಿತಕ್ಕೆ ಇಬ್ಬರು, ವಿಜ್ಞಾನಕ್ಕೆ ಇಬ್ಬರು. ಇಂಗ್ಲಿಷಿಗೆ ಯಾರೂ ಇಲ್ಲ. ಈ ಸಂಚಿಕೆ ಓದುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಬರುವುದಾದರೆ ಶಾಲೆಯ ಕಚೇರಿಯಲ್ಲಿ ಹೇಳಿದರೆ ಸಾಕು. ಶನಿವಾರ ಶಾಲೆ ಬಿಟ್ಟ ಮೇಲೆ ಶುರು, ಸಂಜೆಯ ಬಸ್ಸಿನ ಹೊತ್ತಿಗೆ ಮುಗಿಸುತ್ತೇವೆ. ಕೆಲವು ಸಲ ಬಸ್ಸು ತಪ್ಪುತ್ತದೆ.