ಹಸಿ ಸುಣ್ಣದ ಮೇಲಿನ ಚಿತ್ರ: ಫ್ಲಾರೆನ್ಸಿನಿಂದ ನಮ್ಮ ಕರಾವಳಿಯವರೆಗೆ

ಎರಡು ವರ್ಷದ ಹಿಂದೆ ಸಂಬಂಧಿಕರ ಮದುವೆಗೆಂದು ಮಂಗಳೂರಿಗೆ ಹೋದಾಗ ಮಗಳನ್ನು ಕರೆದುಕೊಂಡು ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡಲು ಹೋಗಿದ್ದೆ. ಗೋಡೆ, ಕಮಾನು, ಛಾವಣಿ, ಎಲ್ಲಿ ನೋಡಿದರೂ ಚಿತ್ರ. ಕುತ್ತಿಗೆ ನೋಯುವಷ್ಟು ಹೊತ್ತು ತಲೆಯೆತ್ತಿ ನೋಡಿ "ಎಷ್ಟು ಚೆಂದ!" ಎಂದೆ. ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗೆ ತಯಾರಿ ನಡೆಸುತ್ತಿದ್ದ ಮಗಳು ಕೇಳಿದಳು: "ಅಮ್ಮ, ಇದು ಗೋಡೆಯ ಮೇಲೇ ಬರೆದದ್ದಾ, ಬರೆದು ತಂದು ಅಂಟಿಸಿದ್ದಾ?" ನನ್ನ ಬಳಿ ಉತ್ತರವಿರಲಿಲ್ಲ. ಮುಂಬಯಿಗೆ ಮರಳಿದ ಮೇಲೆ ಓದಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಸಹೃದಯ ಓದುಗರೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಚಾಪೆಲಿನ ಚಿತ್ರಗಳನ್ನು ಬರೆದವರು ಆಂಟೋನಿಯೊ ಮೊಸ್ಕೇನಿ. ಇಟಲಿಯ ಬೆರ್ಗಾಮೊ ಸಮೀಪ 1854ರಲ್ಲಿ ಹುಟ್ಟಿ, ಅಲ್ಲಿನ ಕಲಾಶಾಲೆಯಲ್ಲಿ ಕಲಿತು, ಯೇಸು ಸಭೆಯ ಬ್ರದರ್ ಆಗಿ ಮಂಗಳೂರಿಗೆ ಬಂದವರು. 19ನೆಯ ಶತಮಾನ ಮುಗಿಯುವ ಹೊತ್ತಿಗೆ ಈ ಕೆಲಸಕ್ಕೆ ಕೈ ಹಾಕಿ ಸುಮಾರು ಎರಡು ವರ್ಷ ದುಡಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಅವರ ಕಾಲ ನವೋದಯದ ಕಾಲವಲ್ಲ. ಆದರೆ ಅವರ ಕೈಯಲ್ಲಿದ್ದ ವಿದ್ಯೆಯ ಬಹುಪಾಲು 15, 16ನೆಯ ಶತಮಾನಗಳಲ್ಲಿ ಇಟಲಿಯ ಕಲಾವಿದರು ಪಳಗಿಸಿದ್ದು. ಯುರೋಪಿನ ಇತಿಹಾಸದಲ್ಲಿ ರೆನೆಸಾನ್ಸ್ ಅಂದರೆ ನವೋದಯ ಎನ್ನುವುದು ಅದೇ ಕಾಲವನ್ನು.

ಮೊದಲ ಪದ ಫ್ರೆಸ್ಕೊ. ಇಟಾಲಿಯನ್ ಭಾಷೆಯಲ್ಲಿ 'ಹಸಿ, ತಾಜಾ' ಎಂದರ್ಥ. ಗೋಡೆಗೆ ಸುಣ್ಣದ ಗಾರೆ ಬಳಿದು, ಅದು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಒಣಗುತ್ತಾ ಹೋದಂತೆ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಬಣ್ಣ ಆ ಕಲ್ಲಿನೊಳಗೇ ಸೇರಿಹೋಗುತ್ತದೆ. ಆದ್ದರಿಂದ ಒಂದು ದಿನದಲ್ಲಿ ಎಷ್ಟು ಬರೆಯಬಹುದೋ ಅಷ್ಟೇ ಜಾಗಕ್ಕೆ ಗಾರೆ ಬಳಿಯುತ್ತಿದ್ದರು. ಆ ಒಂದು ದಿನದ ತುಂಡಿಗೆ 'ಜೊರ್ನಾಟಾ' ಎಂದು ಹೆಸರು. ತಪ್ಪಾದರೆ ಒರೆಸಿ ತಿದ್ದುವಂತಿಲ್ಲ, ಗಾರೆಯನ್ನೇ ಕೆರೆದು ತೆಗೆಯಬೇಕು. ಒಣಗಿದ ಗೋಡೆಯ ಮೇಲೆ ಬರೆದರೆ ಅದು 'ಸೆಕ್ಕೊ'. ಲಿಯೊನಾರ್ಡೊ ಡ ವಿಂಚಿ ಮಿಲಾನಿನಲ್ಲಿ 'ಕೊನೆಯ ಭೋಜನ'ವನ್ನು ನಿಧಾನವಾಗಿ, ತಿದ್ದುತ್ತಾ ಬರೆಯಲು ಒಣ ಗೋಡೆಯನ್ನೇ ಆರಿಸಿಕೊಂಡ. 1498ರ ಹೊತ್ತಿಗೆ ಮುಗಿದ ಆ ಚಿತ್ರದ ಬಣ್ಣ ಅವನು ಬದುಕಿದ್ದಾಗಲೇ ಉದುರತೊಡಗಿತು.

ಮಗಳ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಕ್ಕಿತು. ಚಾಪೆಲಿನಲ್ಲಿ ಎರಡೂ ಬಗೆ ಇವೆ. ಗೋಡೆಗಳ ಮೇಲಿರುವುದು ಫ್ರೆಸ್ಕೊ. ಛಾವಣಿಯ ನಡುಸಾಲಿನಲ್ಲಿ ಸಂತ ಅಲೋಶಿಯಸರ ಬದುಕನ್ನು ಹೇಳುವ ಚಿತ್ರಗಳು ಕ್ಯಾನ್ವಾಸಿನ ಮೇಲಿನ ತೈಲವರ್ಣಗಳು.

ಎರಡನೆಯದು ಪರ್ಸ್‌ಪೆಕ್ಟಿವ್. ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ನೋಡಿದರೆ ರೈಲು ಹಳಿಗಳು ದೂರದಲ್ಲಿ ಒಂದೇ ಬಿಂದುವಿನಲ್ಲಿ ಕೂಡುವಂತೆ ಕಾಣುತ್ತವಲ್ಲ, ಅದನ್ನೇ ಲೆಕ್ಕ ಹಾಕಿ ಚಿತ್ರಕ್ಕೆ ತಂದದ್ದು ನವೋದಯದ ದೊಡ್ಡ ಸಾಧನೆ. ಫ್ಲಾರೆನ್ಸಿನ ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಇದನ್ನು ತೋರಿಸಿಕೊಟ್ಟ, ಆಲ್ಬರ್ಟಿ 1435ರಲ್ಲಿ ಬರೆದಿಟ್ಟ. ಇದಕ್ಕೆ ನೆರಳು ಬೆಳಕಿನ ಏರಿಳಿತ, ಅಂದರೆ 'ಕಿಯಾರೊಸ್ಕ್ಯೂರೊ' ಸೇರಿದರೆ ಚಪ್ಪಟೆ ಗೋಡೆಯೂ ಉಬ್ಬಿ ಬಂದಂತೆ ಕಾಣುತ್ತದೆ. ಕಣ್ಣಿಗೆ ಮಾಡುವ ಈ ಮೋಸವನ್ನು ಮಾಂತುವಾ ನಗರದ ಅರಮನೆಯಲ್ಲಿ ಮಾಂಟೆನ್ಯಾ ಎಂಬ ಚಿತ್ರಕಾರ ಛಾವಣಿಯವರೆಗೂ ಒಯ್ದ. 1474ರಲ್ಲಿ ಮುಗಿಸಿದ ಆ ಕೋಣೆಯ ಛಾವಣಿಯಲ್ಲಿ ಆಕಾಶಕ್ಕೆ ತೆರೆದ ಕಿಂಡಿಯೊಂದನ್ನು ಬರೆದು, ಅಲ್ಲಿಂದ ಜನ ನಮ್ಮತ್ತ ಬಗ್ಗಿ ನೋಡುವಂತೆ ಮಾಡಿದ. ಆ ಅರಮನೆ ಗೊಂಜಾಗಾ ಮನೆತನದ್ದು. 1568ರಲ್ಲಿ ಹುಟ್ಟಿ, 1591ರಲ್ಲಿ ರೋಮಿನ ರೋಗಿಗಳ ಸೇವೆ ಮಾಡುತ್ತಾ ತೀರಿಕೊಂಡ ಅಲೋಶಿಯಸ್ ಗೊಂಜಾಗಾ ಅದೇ ಮನೆತನದ ಇನ್ನೊಂದು ಶಾಖೆಯವರು.

ಕಟ್ಟಡದ ವಿಷಯಕ್ಕೆ ಬಂದರೆ ಮುಂಬಯಿಯವರು ದೂರ ಹೋಗಬೇಕಾಗಿಲ್ಲ. ಬೈಕುಲಾದ ರಾಣಿಬಾಗ್‌ಗೆ ಮಕ್ಕಳನ್ನು ಕರೆದುಕೊಂಡು ಹೋದವರೆಲ್ಲ ಪಕ್ಕದ ಡಾ. ಭಾವು ದಾಜಿ ಲಾಡ್ ವಸ್ತು ಸಂಗ್ರಹಾಲಯವನ್ನು ಕಂಡಿರುತ್ತೀರಿ. 1872ರಲ್ಲಿ ತೆರೆದ ಆ ಕಟ್ಟಡದ ಹೊರಭಾಗ 'ಪಲ್ಲಾಡಿಯನ್' ಶೈಲಿಯದು. 16ನೆಯ ಶತಮಾನದ ವಾಸ್ತುಶಿಲ್ಪಿ ಪಲ್ಲಾಡಿಯೊ ಪ್ರಾಚೀನ ರೋಮಿನ ಕಂಬ, ಕಮಾನುಗಳ ಅಳತೆಯನ್ನು ಅಭ್ಯಾಸ ಮಾಡಿ, ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ ಎನ್ನುವ ಸಮತೋಲದ ಕ್ರಮವನ್ನು ರೂಪಿಸಿ 1570ರಲ್ಲಿ ಗ್ರಂಥವಾಗಿ ಪ್ರಕಟಿಸಿದ. ಅವನ ಹೆಸರಿನಿಂದಲೇ ಈ ಶೈಲಿಯನ್ನು ಕರೆಯುತ್ತಾರೆ.

ಇನ್ನೊಂದು ಪದ ಓದಿದಾಗ ಮಾತ್ರ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಅದು 'ಸ್ಗ್ರಾಫಿಟೊ', ಅಂದರೆ ಗೀರಿದ್ದು. ಬಾಂದ್ರಾದ ಗೋಡೆಗಳಲ್ಲಿ ಕಾಣುವ ಗ್ರಾಫಿಟಿ ಇದೇ ಮೂಲದ ಪದ. ಒಂದು ಬಣ್ಣದ ಗಾರೆಯ ಮೇಲೆ ಇನ್ನೊಂದು ಬಣ್ಣದ ಪದರ ಬಳಿದು, ಹಸಿಯಿರುವಾಗ ಮೇಲಿನದನ್ನು ಗೀರಿ ತೆಗೆದರೆ ಒಳಗಿನ ಬಣ್ಣದಲ್ಲಿ ಚಿತ್ರ ಮೂಡುತ್ತದೆ. ಫ್ಲಾರೆನ್ಸಿನ ಶ್ರೀಮಂತರ ಮನೆಗಳ ಹೊರಗೋಡೆಗೆ ಹೀಗೆ ಅಲಂಕಾರ ಮಾಡುತ್ತಿದ್ದರು. ವಸಾರಿ 1550ರ ತನ್ನ ಗ್ರಂಥದಲ್ಲಿ ಈ ಕ್ರಮವನ್ನು ವಿವರಿಸಿದ್ದಾನೆ.

ಇದು ನನ್ನ ತವರಿನ ಕಾವಿ ಕಲೆ! ಉತ್ತರ ಕನ್ನಡ, ಗೋವಾ, ಕೊಂಕಣದ ಗುಡಿಗಳಲ್ಲಿ ಚಿಪ್ಪು ಸುಟ್ಟು ಮಾಡಿದ ಸುಣ್ಣದ ಬಿಳಿ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಕೆಂಪು ಪದರ, ಕಬ್ಬಿಣದ ಮೊನೆಯಿಂದ ಗೀರಿ ಬಿಡಿಸಿದ ದೇವರು, ಬಳ್ಳಿ, ಆನೆ, ನವಿಲು. ಹೊನ್ನಾವರದವರಾದ ಡಾ. ಕೃಷ್ಣಾನಂದ ಕಾಮತರು ಊರೂರು ತಿರುಗಿ ಈ ಕಲೆಯ ಫೋಟೊ ತೆಗೆದು, ಅದರ ಬಗ್ಗೆ ಬರೆದರು. ಹಲವು ಗುಡಿಗಳ ಚಿತ್ರಗಳು ಜೀರ್ಣೋದ್ಧಾರದಲ್ಲಿ ಅಳಿದುಹೋಗಿವೆ.

ನಮ್ಮೂರ ಗುಡಿಯ ಹೊರಗೋಡೆಯಲ್ಲೂ ಇತ್ತು. ಚಿಕ್ಕವಳಿದ್ದಾಗ ಅದರ ಆನೆಯ ಗೀರಿನಲ್ಲಿ ಬೆರಳಾಡಿಸಿದ ನೆನಪಿದೆ. ಗುಡಿಯ ಜೀರ್ಣೋದ್ಧಾರಕ್ಕೆ ಮುಂಬಯಿಯಲ್ಲಿ ವಂತಿಗೆ ಎತ್ತಿದಾಗ ನಾವೂ ಭಕ್ತಿಯಿಂದಲೇ ಕೊಟ್ಟೆವು. ಮುಂದಿನ ಬೇಸಿಗೆಯಲ್ಲಿ ಹೋದರೆ ಗೋಡೆಗೆ ಹೊಳೆಯುವ ಟೈಲ್ಸ್. ಆಯಿ ಒಂದೇ ಮಾತು ಹೇಳಿದ್ದಳು: "ಆನೆ ಹೋತಲೆ ಮಗಾ." ಆಗ ನನಗೆ ಹೆಚ್ಚೇನೂ ಅನ್ನಿಸಿರಲಿಲ್ಲ. ಹಳೆಯದು ಹೋಯಿತು, ಸ್ವಚ್ಛವಾಯಿತು ಎಂದುಕೊಂಡಿದ್ದೆ. ವಂತಿಗೆಯ ರಸೀದಿ ಇಂದಿಗೂ ಮನೆಯಲ್ಲಿದೆ.

ಮಂಗಳೂರಿನ ಚಾಪೆಲಿಗೂ ಕರಾವಳಿಯ ಮಳೆ, ತೇವ ತಪ್ಪಿದ್ದಲ್ಲ. 1991ರಿಂದ 1994ರ ನಡುವೆ ಇಂಟ್ಯಾಕ್ ಸಂಸ್ಥೆಯ ತಜ್ಞರು ಆ ಚಿತ್ರಗಳನ್ನು ಸಂರಕ್ಷಿಸಿದರು. ಅವು ಬೆಲೆಯುಳ್ಳವು ಎಂದು ಬಲ್ಲವರಿದ್ದರು, ಉಳಿದವು. ನಮ್ಮ ಆನೆಯ ಬೆಲೆ ಹೇಳುವ ಮಾತು ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ.

ಮುಂಬಯಿಯ ನಮ್ಮ ಮನೆಗಳಿಗೆ ಊರಿನ ಗುಡಿ, ದೈವಸ್ಥಾನಗಳ ವಿನಂತಿ ಪತ್ರ ಬರುತ್ತಲೇ ಇರುತ್ತದೆ. ಕೊಡೋಣ, ಅದು ನಮ್ಮ ಋಣ. ಆದರೆ ರಸೀದಿ ತೆಗೆದುಕೊಳ್ಳುವ ಮೊದಲು ಒಂದು ಮಾತು ಕೇಳೋಣ: "ಹಳೆಯ ಗೋಡೆಯಲ್ಲಿ ಏನಾದರೂ ಚಿತ್ರ ಇದೆಯಾ? ಅದನ್ನು ಉಳಿಸಿಕೊಂಡೇ ಕೆಲಸ ಮಾಡಬಹುದಾ?" ಕೇಳುವವರು ದಾನಿಗಳಾದರೆ ಉತ್ತರ ಕೊಡಲೇಬೇಕಾಗುತ್ತದೆ.